ಷರಾ ಕಾಲಂ

ಎಲ್ಲರೂ ಬೈಯುವುದು ಸೈಲೆನ್ಸರನ್ನೇ.
ಹೊಗೆ ಬಿಡುವವನ ಮೇಲೆಯೇ ಊರ ಕಣ್ಣು.
ಒಳಗೆಳೆದುಕೊಳ್ಳುವ ಉಸಿರಿಗೂ ಗದ್ದಲವಿದೆ ಎಂದರೆ
ಮೊಗಣ್ಣ ನಕ್ಕ:
“ಎರಡು ಸೈಲೆನ್ಸರ್ ಬದಲಾಯ್ಸಿದೀನಿ ಕಣವ್ವ,
ಗುಂಯ್ ಅನ್ನೋದು ಗುಂಯ್ ಅಂತಲೇ ಅದೆ.”

ಹಾಸನ, ಹೊಳೆನರಸೀಪುರ ರಸ್ತೆ, ಬಾಬುಜಾನರ ಶೆಡ್ಡು.
ಆಲೂಗಡ್ಡೆ ಮಣ್ಣು ಇನ್ನೂ ಉದುರುವ ಪಿಕಪ್ಪು.
ಡಿಪ್ಲೊಮಾ ಮುಗಿಸಿ ಇಲ್ಲಿ ಸೇರಿ ಐದು ತಿಂಗಳಾದ ನಾನು,
ಕಾಲೇಜಿನಿಂದ ಕಡ ತಂದ ಮೀಟರು,
ಅದರ ತಲೆಗೊಂದು ಸ್ಪಂಜಿನ ಟೊಪ್ಪಿ.

ಗಾಳಿ ಒಳಹೋಗುವ ಬಾಯಿಂದ ಒಂದು ಗೇಣು ದೂರಕ್ಕಿಟ್ಟೆ.
ನಿಮಿಷಕ್ಕೆ ಎರಡು ಸಾವಿರದ ನಾನೂರು ಸುತ್ತು. ತೊಂಬತ್ತನಾಲ್ಕು.
ಅಂಕಿ ಸಾಲದು, ಕಳ್ಳನ ಗುರುತು ಬೇಕು.
ಬೋರ್‌ವೆಲ್ ಅಂಗಡಿಯ ಹದಿನೈದಡಿ ಪೈಪು ಸಿಕ್ಕಿಸಿ
ಅದರ ತುದಿಯನ್ನು ಗೋಡೆಯಾಚೆ ಹಾಕಿದೆವು.
ಗುಂಯ್ ಎದ್ದು ಗೋಡೆಯಾಚೆ ಹೋಯಿತು!
ಅಲ್ಲಿ ಬಟ್ಟೆ ಒಗೆಯುತ್ತಿದ್ದವರು ಯಾರೋ ಬೈದರು.
ಬಾಬುಜಾನರ ಬೆರಳಲ್ಲಿ
ಬೀಡಿ ಹಚ್ಚದೆಯೇ ಉಳಿಯಿತು.

ಮದ್ದು?
ಖಾಲಿ ಸೀಸೆಯ ಬಾಯಿಗೆ ಊದುತ್ತಿದ್ದೆವಲ್ಲ ಚಿಕ್ಕಂದಿನಲ್ಲಿ,
ಹೂಂ ಎನ್ನುತ್ತಿತ್ತು.
ಯಾವ ಸ್ವರಕ್ಕೆ ಹೂಂಗುಟ್ಟುವುದೋ
ಆ ಸ್ವರವನ್ನೇ ನುಂಗುವ ಹೊಟ್ಟೆ ಅದು.
ನಮಗೆ ಬೇಕಾದದ್ದು ಎಂಬತ್ತು ಹರ್ಟ್ಸ್ ಹಸಿವು.
ಐದು ಲೀಟರಿನ ಹಳೇ ಕೂಲೆಂಟ್ ಕ್ಯಾನು, ಅದಕ್ಕೊಂದು ಕುತ್ತಿಗೆ.
ಕೊಯ್ದು, ಕೂರಿಸಿ, ಕಿವಿಗೊಟ್ಟು, ಮತ್ತೆ ಅರ್ಧ ಬೆರಳು ಕೊಯ್ದು,
ಸಂಜೆ ಲೈಟು ಹಾಕುವ ಹೊತ್ತಿಗೆ ಕ್ಯಾನು ಒಪ್ಪಿಕೊಂಡಿತು.

ಎಂಬತ್ತಾರು.
“ಬರೀ ಎಂಟಾ?” ಎಂದ ಮೊಗಣ್ಣ ಕ್ಯಾಬಿನ್ ಹತ್ತಿ ಕೂತ.
ಕೂತವನು ಉಸಿರೆತ್ತಲಿಲ್ಲ.

ವಾರ ಕಳೆದು ಬಂದ.
“ಈಗ ಎಲ್ಲಾ ಕೇಳ್ತದೆ.
ಹಿಂದೆ ಗೆಡ್ಡೆ ಉರುಳೋದು, ಎಡಗಡೆ ಪಾಟಾ ಕಿರುಗುಟ್ಟೋದು.
ಈ ತಿಮ್ಮೇಶ ದಾರಿ ಉದ್ದಕ್ಕೂ ಬಾಯಾಡಿಸ್ತಿದ್ದ,
ಪದ ಹಾಡ್ಕೋತಾನೆ ಅಂದ್ಕೊಂಡಿದ್ದೆ.
ಮೊನ್ನೆ ಆಲೂರು ದಾಟಿದ ಮೇಲೆ ಸರಿಯಾಗಿ ಕೇಳಿಸ್ತು.”
ಏನು ಕೇಳಿಸಿತೆಂದು ಹೇಳಲಿಲ್ಲ. ಪಾಟಾ ನೋಡು ಎಂದ.
ತಿಮ್ಮೇಶ ಟೈರಿಗೆ ಒರಗಿ
ಹೆಬ್ಬೆರಳಲ್ಲಿ ನೆಲ ಕೆರೆಯುತ್ತಿದ್ದ.

ನನ್ನ ಪುಸ್ತಕದಲ್ಲಿ:
ಮೊದಲು ೯೪. ನಂತರ ೮೬.
ಷರಾ ಕಾಲಂ ಖಾಲಿಯಿತ್ತು. ಹುಡುಗನನ್ನು ಕೇಳಿ
ಪೆನ್ಸಿಲಿನಲ್ಲಿ ಬರೆದೆ:
ಕ್ಲೀನರಿನ ಸಂಬಳ, ಮೂರು ತಿಂಗಳದ್ದು, ಬಾಕಿ.

ಬಾಬುಜಾನ್ ಬಗ್ಗಿ ಓದಿದರು,
ನನ್ನ ಮುಖ ನೋಡಿದರು,
ಕೆಮ್ಮಿದರು.