ಎರಡು ಗಂಟೆ ಹತ್ತು ನಿಮಿಷ

ರೋನ್ ನದಿಗೆ ಬೆನ್ನು ಹಾಕಿ ಕೂತ ಆ ಊರಲ್ಲಿ
ಹಿಮ ಕರಗಿದ ನೀರು ಬಂಡೆ ಕೊರೆದ ಕಾಲುವೆ ಹಿಡಿದು
ಒಬ್ಬರ ಹುಲ್ಲುಗಾವಲಿನಿಂದ ಇನ್ನೊಬ್ಬರದಕ್ಕೆ
ಸರದಿಯಂತೆ ಇಳಿಯುತ್ತದೆ.
ಯಾರಿಗೆಷ್ಟು ಗಂಟೆ ಎಂಬುದು ಒಂದು ಮರದ ಕೋಲಿನ ಮೇಲೆ
ಕಚ್ಚು ಕಚ್ಚಾಗಿ ಇದೆ. ಓದು ಬಾರದವರೂ ಓದುತ್ತಾರೆ.
ಜಿನೀವಾದಿಂದ ಹೋದ ನನಗೆ ಓದಲು ಬರಲಿಲ್ಲ;
ಎಣಿಸಿದೆ.

ಒಂದು ಬೇಸಿಗೆ ಪೂರ್ತಿ ಎಣಿಸಿದೆ.
ತೂಬು ಮುಚ್ಚಿದ್ದು ಇನ್ನೂರ ಹನ್ನೊಂದು ಸಲ,
ಹೊತ್ತಿಗೆ ಸರಿಯಾಗಿ ಇನ್ನೂರ ನಾಲ್ಕು.
ದಂಡ ಐದು ಫ್ರಾಂಕು. ಕೊನೆಗೆ ಕಟ್ಟಿದವರು ಯಾರೆಂದು
ನೀರಗಂಟಿಗೂ ನೆನಪಿಲ್ಲ.
ಹೀಗೆ ಬರೆದೆ: ಸರದಿ ಮುಗಿದವರು
ಹಲಗೆ ಇಳಿಸುವ ಸಂಭವ ನೂರಕ್ಕೆ ತೊಂಬತ್ತೇಳು.

ಫಿಲೊಮೆನ್ ಮುದುಕಿಗೆ ಓದಿ ಹೇಳಿದೆ. ನಕ್ಕಳು.
"ಸಂಭವ ಗಿಂಭವ ನನಗೇನು ಗೊತ್ತು?
ಎರಡಾದ ಮೇಲೆ ನೀರು ಒಡೀಲಳದು."
ನಿನ್ನ ಹುಲ್ಲು ಇನ್ನೂ ಒಣಗಿದೆಯಲ್ಲ?
"ಒಣಗಿದೆ. ಅದಕ್ಕೂ ಇದಕ್ಕೂ?"

ತಪ್ಪಿದ ಏಳರಲ್ಲಿ ಐದು ತಿಯೊಡ್ಯೂಲನವು.
ನನ್ನ ಪಟ್ಟಿ ಅವನಿಗೆ ಬಹಳ ಹಿಡಿಸಿತು:
ನೀರಗಂಟಿ ಮಲಗುವ ಹೊತ್ತು ಯಾವುದೆಂದು ಕೇಳಿದ.
ಬೇಲಿಯಾಚೆ ನಿಂತು ನಾವಿಬ್ಬರೂ
ಒಂದೇ ಸಂದಿಯಲ್ಲಿ ಇಣುಕುತ್ತಿದ್ದೇವೆ ಅನ್ನಿಸಿ
ಮುಜುಗರವಾಯಿತು.

ಆದರೆ ಸಿಕ್ಕಿಬಿದ್ದ ದಿನ ಅವನೂ
"ಹಸು ಈಯುತ್ತಿತ್ತು, ಹೊತ್ತು ಮರೆತೆ" ಅಂದ.
ಸುಳ್ಳು. ಇರಲಿ.
ಸುಳ್ಳು ನೆಪವಾದರೂ ಬೇಕಾಯಿತಲ್ಲ ಅವನಿಗೆ!
ಮಳೆ ಕೈಕೊಟ್ಟರೆ ಮೋಡ ನೆಪ ಹೇಳುವುದಿಲ್ಲ.
ನನ್ನ ಅಂದಾಜು ತಪ್ಪಿದರೆ ಅಂಕಿ ತಿದ್ದುತ್ತೇನೆ,
ಯಾರೂ ಏನೂ ಅನ್ನುವುದಿಲ್ಲ.
ಅವನನ್ನು ಇಡೀ ಊರು ಬೈಯಿತು,
ಬೈದವರಲ್ಲಿ ಅವನ ತಾಯಿಯೇ ಮೊದಲು.

ಆಗಸ್ಟ್ ಕೊನೆಗೆ ಫಿಲೊಮೆನ್‌ಳ ಸೊಂಟ ಹಿಡಿದುಕೊಂಡಿತು.
"ಇವತ್ತು ನೀನು ಹೋಗು" ಎಂದು ಲಾಟೀನು ಕೊಟ್ಟಳು.
ಮೇಲೆಲ್ಲೋ ನೀರಚಕ್ರಕ್ಕೆ ಕಟ್ಟಿದ ಮರದ ಸುತ್ತಿಗೆ
ಟಕ್, ಟಕ್. ಕಾಲುವೆ ಒಡೆದಿಲ್ಲ, ನೀರು ಬರುತ್ತಿದೆ.
ಕೇಳುತ್ತ ಕೂತವನಿಗೆ ಜೊಂಪು ಹತ್ತಿತು.

ಎದ್ದಾಗ ಎರಡು ಗಂಟೆ ಹತ್ತು ನಿಮಿಷ.
ಯಾರೂ ಇಲ್ಲ. ನಾಯಿ ಕೂಡ ಇಲ್ಲ.
ಮೊಣಕೈವರೆಗೆ ತಣ್ಣೀರಲ್ಲಿ ಹಲಗೆ ಇಳಿಸಿದೆ.
ಕೆಳಗೆ ಕತ್ತಲಲ್ಲಿ ಒಡೀಲಳ ಹುಲ್ಲು.
ಅದಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ
"ತಪ್ಪಾಯಿತು" ಅಂದೆ.

ಬೆಳಿಗ್ಗೆ ಪುಸ್ತಕದಲ್ಲಿ ಇನ್ನೂರ ಹನ್ನೆರಡನೆಯ ಸಾಲು.
ಹೊತ್ತು ಬರೆದೆ. ಹೆಸರಿನ ಜಾಗಕ್ಕೆ ಬಂದು ಪೆನ್ನು ನಿಂತಿತು.
ಜೇಬಲ್ಲಿ ಐದು ಫ್ರಾಂಕು ಇದೆಯೇ
ಎಂದು ನೋಡಿಕೊಂಡೆ.