ಕೈಲಿ ಒಂದು

ಪೋರ್ಟೋ ನಗರದ ಊಟದಂಗಡಿಗಳಿಗೆ ಹತ್ತೊಂಬತ್ತು ವರ್ಷ
ಮೇಜಿಗೆ ಹಾಸುವ ಬಿಳಿ ಕಾಗದ ಮಾರಿದವನು ನಾನು.
ಸುರುಳಿಗೆ ನೂರು ಮೀಟರು. ಹೆಗಲಿಗೆ ಎರಡು ಸುರುಳಿ.
ನದಿಯಿಂದ ಎತ್ತ ಹೊರಟರೂ ಈ ಊರು ಏರು;
ಇಳಿಜಾರು ಸಿಗುವುದು ವಸೂಲಿಯಾದ ಮೇಲೆ.

ಮಾರಿದಲ್ಲೇ ಉಣ್ಣಬೇಕು, ಅದು ನನ್ನ ನೇಮ.
ಸೋಮವಾರ ಬೊನ್‌ಫಿಂನಲ್ಲಿ ಎರ್ಮೀನಿಯಾಳ ಅಂಗಡಿ:
ಅರ್ಧ ಊಟ ಅಂದರೆ ಪೂರ್ತಿ ತಂದು ಕುಕ್ಕುತ್ತಾಳೆ,
"ನನ್ನ ಸೌಟಿಗೆ ಅರ್ಧ ಬರುವುದಿಲ್ಲ" ಎಂದು ಗದರುತ್ತಾಳೆ,
ಉಳಿಸಿದರೆ ಇನ್ನೂ ಗದರುತ್ತಾಳೆ.
ಗುರುವಾರ ರೈಲು ನಿಲ್ದಾಣದ ಹಿಂದೆ ಬೋಟಿ,
ಬಿಳಿ ಕಾಳಿನ ಜೊತೆ ಬೆಳಗಿನಿಂದ ಕುದ್ದು
ಕಾಳು ಯಾವುದು ಬೋಟಿ ಯಾವುದು ಅಂತ
ಹಲ್ಲಿಗೇ ಗೊತ್ತಾಗದಷ್ಟು ಹದ.
ಸಂಜೆ ಎಲ್ಲಾದರೂ ನಿಂತುಕೊಂಡೇ ಒಂದು ಕಾಫಿ:
ಬೆರಳುದ್ದದ ಬಟ್ಟಲು, ಎರಡು ಗುಟುಕು, ಒಂದು ಜಗಳ
ಫುಟ್‌ಬಾಲಿನ ಬಗ್ಗೆ, ಗುರುತಿಲ್ಲದವರ ಜೊತೆ.

ಉಂಡು ಎದ್ದವರ ಮೇಜು ಓದುವುದು ನನ್ನ ಚಟ.
ವೈನ್ ಲೋಟ ಒತ್ತಿಹೋದ ಕೆಂಪು ಬಳೆ.
ಸಾರ್ಡೀನಿನ ಎಣ್ಣೆ ಇಳಿದು
ಕಾಗದವೇ ಕಿಟಕಿಯಾಗಿ ಕೆಳಗಿನ ಮರ ಕಾಣುವ ಜಾಗ.
ಮಗುವೊಂದು ಬರೆದ ದೋಣಿ, ಹಾಯಿಗೆ ಸಾಸಿವೆಯ ಹಳದಿ.
ಒಮ್ಮೆ ಎರಡು ಪಟ್ಟಿ: ಒಂದರ ಮೇಲೆ ನನ್ನದು, ಒಂದರ ಮೇಲೆ ನಿನ್ನದು.
ಫ್ರಿಜ್ಜು ಅವಳಿಗೆ, ಮಂಚ ಅವನಿಗೆ,
ನಾಯಿಯ ಹೆಸರು ಎರಡೂ ಕಡೆ ಬರೆದು
ಎರಡೂ ಕಡೆ ಹೊಡೆದು ಹಾಕಿತ್ತು.
ಆ ತುಂಡನ್ನು ಮಾತ್ರ ಹರಿದು ಜೇಬಿಗಿಟ್ಟೆ. ಯಾಕೋ.

ಆದರೆ ಹೇಳಹೊರಟದ್ದು ವಾಲ್ದೆಮಾರನ ಮಾತು.
ಮಿರಾಗಾಯಾದಲ್ಲಿ ಆರೇ ಮೇಜು, ಬಡಿಸುವವನು ಅವನೊಬ್ಬನೇ.
ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲೇ ಲೆಕ್ಕ:
ಸಾರು ಎರಡೂವರೆ, ಮೀನು ಎಂಟು ಎಪ್ಪತ್ತು, ವೈನ್ ಒಂದು ಇಪ್ಪತ್ತು.
ಐದು, ಏಳು, ಎರಡು, ಹದಿನಾಲ್ಕು.
ನಾಲ್ಕು ಬರೆದು, ಕೈಲಿ ಒಂದು.
ಗಟ್ಟಿಯಾಗಿಯೇ ಹೇಳುತ್ತಾನೆ, ಶಾಲೆಯ ಹುಡುಗನಂತೆ.
ಹೇಳಿದ ಮೇಲೆ ಮರೆಯುತ್ತಾನೆ.
ಹನ್ನೆರಡು ನಲವತ್ತು ಆಗಬೇಕಾದಲ್ಲಿ ಹನ್ನೊಂದು ನಲವತ್ತು.

ವಯಸ್ಸಾಯಿತು ಪಾಪ, ಅಂದುಕೊಂಡೆ.
ಆಮೇಲೆ ನೋಡಿದೆ, ಎಲ್ಲ ಮೇಜಿನಲ್ಲೂ ಮರೆಯುವುದಿಲ್ಲ.
ಗುಂಡಿ ಕಾರ್ಖಾನೆ ಮುಚ್ಚಿದ ಮೇಲೆ ಒಬ್ಬಳೇ ಬರುವ ಜುಲ್ಮೀರಾ ಅಜ್ಜಿ,
ಮೂರು ದಿನಕ್ಕೊಮ್ಮೆ ಮೀನು ಕೇಳುವ ಓದುವ ಹುಡುಗ,
ಇಂಥವರಿಗೆ ಮಾತ್ರ ಲೆಕ್ಕ ತಪ್ಪುತ್ತದೆ.
ಹಡಗಿನಿಂದಿಳಿದ ಪ್ರವಾಸಿಗರ ಮೇಜಿನಲ್ಲಿ
ಕೈಲಿದ್ದ ಒಂದು ಒಮ್ಮೊಮ್ಮೆ ಎರಡಾಗುವುದೂ ಉಂಟು.

ಈಗೀಗ ಹೊಸ ಕೆಫೆಗಳು ಬಂದಿವೆ. ಬರಿಯ ಮರದ ಮೇಜು,
ಮೂಲೆಗೊಂದು ಚುಕ್ಕಿಚುಕ್ಕಿ ಚೌಕ, ಫೋನು ಹಿಡಿದರೆ ತಿಂಡಿಪಟ್ಟಿ.
"ಮರವನ್ನು ನಾವು ಮುಚ್ಚುವುದಿಲ್ಲ" ಅಂದ ಗಡ್ಡದ ಹುಡುಗ
ನನ್ನ ಸುರುಳಿ ನೋಡಿ, ನೋಯಿಸದ ಹಾಗೆ.
ಸುಳ್ಳೇಕೆ, ಅವನ ಕಾಫಿ ಚೆನ್ನಾಗಿತ್ತು.
ಮೊಟ್ಟೆಯೂ.

ಫೆಬ್ರುವರಿಯಲ್ಲಿ ವ್ಯಾನ್ ಮಾರಿದೆ. ಉಳಿದೆರಡು ಸುರುಳಿ
ವಾಲ್ದೆಮಾರನಲ್ಲಿಗೆ ಹೊತ್ತು ತಂದು ಇಳಿಸಿ
ಇವೇ ಕೊನೆಯವು ಅಂದೆ. ಸರಿ, ಕೂತುಕೋ ಅಂದ.
ಸಾರು. ಮೀನು. ವೈನ್.
ಪೆನ್ಸಿಲ್ ಬಂತು. ಐದು, ಏಳು, ಎರಡು.
ತಲೆಕೆಳಗಾದ ಅಂಕಿ ಓದಿ ಪಳಗಿದ ಕಣ್ಣು ನನ್ನದು:
ಹನ್ನೊಂದು ನಲವತ್ತು.

ತಲೆಯೆತ್ತಿದೆ. ಅವನು ಒಣಗಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದ.
ಒಂದು ಯೂರೋ ತೆಗೆದು ತಟ್ಟೆಯ ಕೆಳಗೆ ತಳ್ಳಹೋದರೆ
ಪಕ್ಕದ ಮೇಜಿನ ಜುಲ್ಮೀರಾ ಅಜ್ಜಿ,
ಬ್ರೆಡ್ಡಿನ ಚೂರಲ್ಲಿ ಉಳಿದ ಸಾರು ಸವರುತ್ತಲೇ,
ಬೇಡ ಅಂತ ತಲೆಯಾಡಿಸಿದಳು. ಇಷ್ಟೇ ಇಷ್ಟು.

ಕೂಡುವ ಲೆಕ್ಕ ಅವಳಿಗೂ ಬರುತ್ತಿತ್ತು, ಮೊದಲಿನಿಂದ.

ಹೊರಗೆ ಬಂದು ಏರು ಹತ್ತಿದೆ.
ಹೆಗಲು ಖಾಲಿ.
ಕೈಲಿ ಒಂದು.