ಬೆರಳಿಗೆ ಗೊತ್ತು

ಎರಡೂ ಎಡಗೈಯ ತೋಳು.
ಹೊಳೆಹೊನ್ನೂರಿನ ಹುಡುಗಿ ಕನ್ನಡಿಯ ಮುಂದೆ ನಿಂತು
ಬಲಗೈ ಎತ್ತಹೋದಳು, ಎತ್ತಲಾಗಲಿಲ್ಲ.
ನಾಡಿದ್ದು ಧಾರೆ.
ಅವಳಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊಲಿಯುವಾಗ ನಾನು ನೋಡುತ್ತಿದ್ದದ್ದು ಇಷ್ಟು:
ಯಾವ ದೇಶವೋ, ಯಾವನೋ ಒಬ್ಬ
ಕೆಸರು ಮೆತ್ತಿದ ಜಮಖಾನ ತೊಳೆಯುತ್ತಾನೆ.
ಕಪ್ಪು ಹೋಗಿ ಕಂದು, ಕಂದು ಹೋಗಿ ಹೂವು.
ಅದು ಮುಗಿದರೆ ಇನ್ನೊಂದು ಜಮಖಾನ.
ನನ್ನ ಅಂಗಡಿಯ ಚಾಪೆ ಝಾಡಿಸಿ ಎಷ್ಟು ದಿನವಾಯಿತೋ.

ದಾರ ಕಡಿದದ್ದು ತಿಳಿಯದೆ ತುಳಿದ ಹಾಗೆ ಆ ಸಂಜೆಗಳು:
ಬಟ್ಟೆಯುದ್ದಕ್ಕೂ ಸಾಲಾಗಿ ಸೂಜಿಯ ತೂತು,
ಎರಡು ತುಂಡು ಮಾತ್ರ ಕೂಡಿಲ್ಲ.

ಶಿವಮೊಗ್ಗದ ದುರ್ಗಿಗುಡಿ, ಮೆಟ್ಟಿಲ ಕೆಳಗೆ ನನ್ನ ಮಿಷನ್ನು.
ಎದುರಿಗೆ ಕೊಡೆ ನೆಟ್ಟುಕೊಂಡು ಖಲಂದರ್ ಸಾಬರ ಪೆಟ್ಟಿಗೆ:
‘ಎಲ್ಲಾ ತರಹದ ಬೀಗ ತೆಗೆಯಲಾಗುವುದು.’
ಫೋನು ಒಯ್ದು ಕೊಟ್ಟೆ. ಮಗಳು ಅದರೊಳಗೆ ಕೂರಿಸಿಕೊಟ್ಟಿದ್ದಳು ಏನೋ ಒಂದು,
ದಿನಕ್ಕೆ ಹದಿನೈದು ನಿಮಿಷ, ಆಮೇಲೆ ಬಾಗಿಲು ಬಂದ್,
ತೆರೆಯಲು ನಾಲ್ಕಂಕಿ.
“ಆ ನಾಲ್ಕು ನೀವೇ ಒತ್ತಿ, ನನಗೆ ಹೇಳಬೇಡಿ.”
“ವಾರಿಜಕ್ಕ, ನಲವತ್ತು ವರ್ಷದಿಂದ ತೆಗೆದು ತೆಗೆದು ಕೊಟ್ಟವನು ನಾನು.
ಹಾಕು ಅಂದವರು ನೀವೇ ಮೊದಲು.”
ಇಸ್ಪೀಟಿನ ಎಲೆಯಂತೆ ಎದೆಗೆ ಆನಿಸಿಕೊಂಡು ಒತ್ತಿದರು.
ಮತ್ತೊಮ್ಮೆ ಒತ್ತಿ ಎಂದಿತು. ಮತ್ತೊಮ್ಮೆ ಒತ್ತಿದರು.
ಕೂಲಿ ಎಷ್ಟು ಎಂದೆ. ಅಂಗಿಯ ಕಿಸೆ ತೋರಿಸಿದರು, ತಳ ಹರಿದಿತ್ತು.
ಹೊಲಿದುಕೊಟ್ಟೆ.

ಮೊದಲ ವಾರ
ಹದಿನೈದು ನಿಮಿಷ ಬೆಳಗಿನ ಕಾಫಿಗೇ ಖರ್ಚು.
ಆಮೇಲೆ ಆ ಚಿತ್ರಗಳೆಲ್ಲ ಬಣ್ಣ ಬಿಟ್ಟು ಬೂದಿಯಾಗಿ ಕೂರುತ್ತವೆ.
ಬೂದಿಯ ಕೆಳಗೆ ಏನಿದೆಯೆಂದು ಹೆಬ್ಬೆರಳು ಮರೆಯುವುದಿಲ್ಲ,
ಒಲೆ ಕೆದಕುವ ಕಡ್ಡಿಯಂತೆ ಹೋಗಿ ಹೋಗಿ ಮುಟ್ಟುತ್ತದೆ:
ಬಾಬಿನ್ ಖಾಲಿಯಾದಾಗ, ಕರೆಂಟು ಹೋದಾಗ,
ಗಿರಾಕಿ “ಎರಡೇ ನಿಮಿಷ, ಬಂದೆ” ಎಂದು ಪಕ್ಕದ ಬಳೆಯಂಗಡಿಗೆ ನುಗ್ಗಿದಾಗ.
ಎರಡು ನಿಮಿಷ ಎಷ್ಟು ಉದ್ದವೆಂಬುದೇ ನನಗೆ ಮರೆತುಹೋಗಿತ್ತು.
ನನ್ನ ಟೇಪು ಸಾಲದು.

ಎರಡನೇ ವಾರ ಸಾಬರು ಕಣ್ಣಿನ ಪೊರೆ ತೆಗೆಸಲು ಹೋದರು.
ಕೊಡೆ ಮಡಚಿಕೊಂಡು ಗೋಡೆಗೆ ಒರಗಿತ್ತು.
ನಾನು ಕಳ್ಳತನಕ್ಕೆ ಇಳಿದೆ.
ಅವರ ಲೂನಾದ ನಂಬರು ಒತ್ತಿದೆ. ಇಲ್ಲ.
ಪೆಟ್ಟಿಗೆಯ ಮೇಲೆ ಬರೆದ ಫೋನಿನ ಕೊನೆಯ ನಾಲ್ಕು. ಇಲ್ಲ.
ಹುಟ್ಟಿದ ಇಸವಿ, ಅಂದಾಜಿಗೆ ಒಂದು. ಇಲ್ಲ.
ಹೆಂಡತಿ ತೀರಿಹೋದ ವರ್ಷವಿರಬಹುದು...
ಅಲ್ಲಿ ನಿಂತಿತು ಬೆರಳು.
ಹನ್ನೊಂದು ವರ್ಷ ಎದುರುಬದುರು ಕುಳಿತು
ನಾನು ಕೇಳಿಯೇ ಇಲ್ಲ, ಯಾವ ವರ್ಷ, ಯಾವ ಕಾಯಿಲೆ, ಹೆಸರೇನಿತ್ತು.
ಜಮಖಾನ ತೊಳೆಯುವವನ ಬೂಟಿನ ಬಣ್ಣ ಕೇಳಿ, ಹೇಳುತ್ತೇನೆ.

‘ಮೂವತ್ತು ಸೆಕೆಂಡು ಬಿಟ್ಟು ಪ್ರಯತ್ನಿಸಿ’ ಎಂದಿತು ಫೋನು.
ಬಿಟ್ಟೆ.
ಆ ಕೆಟ್ಟ ತೋಳು ಚಿಂದಿಯ ಡಬ್ಬದಲ್ಲೇ ಇತ್ತು.
ತೆಗೆದು ಬಿಚ್ಚತೊಡಗಿದೆ, ಒಂದೊಂದೇ ಹೊಲಿಗೆ.

ಕರಿ ಕನ್ನಡಕ ಹಾಕಿಕೊಂಡು ಬಂದರು, ಬೀದಿಗೇ ಹೊಸಬರ ಹಾಗೆ.
“ನಿಮ್ಮ ಬೋರ್ಡು ನೇರಳೆಯೇ! ನಾನು ಇಷ್ಟು ದಿನ ಕಪ್ಪು ಅಂತಿದ್ದೆ.”
ಸಾಬರೇ, ಆ ನಾಲ್ಕು?
ನಕ್ಕರು. “ಆವತ್ತು ನನಗೆ ಅಂಕಿ ಎಲ್ಲಿ ಕಾಣುತ್ತಿತ್ತು, ಬರೀ ಮಂಜು.
ಬೀಗದೊಳಗೆ ತಂತಿ ಆಡಿಸಿದ ಹಾಗೆ ಆಡಿಸಿದೆ.
ನನಗೆ ಗೊತ್ತಿಲ್ಲ ವಾರಿಜಕ್ಕ, ಬೆರಳಿಗೆ ಗೊತ್ತು.
ಬೇಕಾ?”

ಚಾಚಿದರು. ಅರ ಉಜ್ಜಿದ ಗೀರು, ಗ್ರೀಸು, ಸೀಳಿದ ಉಗುರು.
ಗಾಜಿನಿಂದ ಅರ್ಧ ಇಂಚು ಮೇಲೆ ನಿಂತಿತ್ತು ಅದು
ನನ್ನ ಬಾಯನ್ನೇ ನೋಡುತ್ತ.

“ಮೊದಲು ನಿಮ್ಮ ಮನೆಯವರ ಹೆಸರು ಹೇಳಿ” ಎಂದೆ.

ಪೆಟ್ಟಿಗೆ ಎಳೆದುಕೊಂಡು ಅದರ ಮೇಲೆ ಕುಳಿತರು.
ಹೆಸರು ಹೇಳಿದರು.
ಆಮೇಲೆ ಇನ್ನೇನೇನೋ.
ಬಳೆಯಂಗಡಿಯವನು ಶಟರ್ ಎಳೆಯುವ ತನಕ.

ಭಾನುವಾರ ಒಂದು ದಿನ ತೆಗೆಸಿಕೊಳ್ಳೋಣ ಅಂತಿದ್ದೇನೆ.
ನೋಡಬೇಕು.